ಬಗ್ಗಡ ನೀರಿಗೆ ನುಗ್ಗೆ ಬೀಜ: ಅಳತೆ, ಕ್ರಮ, ಎಡವುವ ಜಾಗಗಳು

ಕೊಡಗಿನಲ್ಲಿ ಮುಂಗಾರು ಹಿಡಿದರೆ ಕಾವೇರಿಗೆ ಹೊಸ ನೀರು ಬರುತ್ತದೆ. ಲಕ್ಷ್ಮಣತೀರ್ಥ, ಕಬಿನಿ, ಹೇಮಾವತಿ ಎಲ್ಲವೂ ಆ ದಿನಗಳಲ್ಲಿ ಕೆಂಪು. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟ ಮೇಲೆ ಪಾಂಡವಪುರ, ಮಂಡ್ಯ, ಮದ್ದೂರು ಕಡೆಯ ಗದ್ದೆ ಬಯಲಿನಲ್ಲಿ ಹರಿಯುವುದೂ ಬಹುಪಾಲು ಕೆಮ್ಮಣ್ಣಿನ ಬಗ್ಗಡವೇ. ಈ ನೀರನ್ನು ಕೊಡದಲ್ಲಿ ಹಿಡಿದು ರಾತ್ರಿಯಿಡೀ ಇಟ್ಟರೂ ತಿಳಿಯಾಗುವುದಿಲ್ಲ. ಮರಳು ತಳ ಸೇರುತ್ತದೆ, ಬಣ್ಣ ಮಾತ್ರ ಹಾಗೇ ನಿಂತಿರುತ್ತದೆ. ಆ ಬಣ್ಣವನ್ನು ಇಳಿಸುವ ಕೆಲಸವನ್ನು ನುಗ್ಗೆ ಬೀಜ ಚೆನ್ನಾಗಿ ಮಾಡುತ್ತದೆ. ಸುಡಾನಿನ ಹಳ್ಳಿಗಳ ಹೆಂಗಸರು ನೈಲ್ ನದಿಯ ಬಗ್ಗಡ ನೀರಿಗೆ ಇದನ್ನೇ ಬಳಸುತ್ತಿದ್ದರು. ಆಮೇಲೆ ವಿಜ್ಞಾನಿಗಳು ಅದನ್ನು ಪ್ರಯೋಗಾಲಯಕ್ಕೆ ಒಯ್ದು, ಬೀಜದಲ್ಲಿರುವ ಒಂದು ಪ್ರೋಟೀನಿನ ಗುಣ ಇದು ಎಂದು ತೋರಿಸಿದರು.

ಶುದ್ಧೀಕರಿಸಿದ ನಲ್ಲಿ ನೀರು ತಪ್ಪದೆ ಬರುವ ಮನೆಗೆ ಇದರ ಅಗತ್ಯವಿಲ್ಲ. ತೋಟದ ಮನೆ, ಪಂಪ್‌ಸೆಟ್ ಪಕ್ಕದ ಬಿಡಾರ, ಕಬ್ಬು ಕಡಿಯಲು ಬಂದವರ ಗುಡಿಸಲು, ಪೈಪ್ ಒಡೆದು ವಾರಗಟ್ಟಲೆ ನಾಲೆ ನೀರೇ ಗತಿಯಾದ ಊರು, ಇಂಥ ಕಡೆಗೆ ಈ ಬರಹ.

ಮೊದಲೇ ಒಂದು ಮಾತು ಖಚಿತವಾಗಿರಲಿ. ನುಗ್ಗೆ ಬೀಜ ನೀರನ್ನು ತಿಳಿ ಮಾಡುತ್ತದೆ, ಕುಡಿಯಲು ಯೋಗ್ಯ ಮಾಡುವುದಿಲ್ಲ. ಮಣ್ಣಿನ ಜೊತೆ ಬ್ಯಾಕ್ಟೀರಿಯಾವೂ ತಳಕ್ಕೆ ಇಳಿಯುವುದು ನಿಜ, ನೂರಕ್ಕೆ ತೊಂಬತ್ತು, ಕೆಲವೊಮ್ಮೆ ತೊಂಬತ್ತೊಂಬತ್ತು ಭಾಗ ಇಳಿಯುತ್ತದೆ. ಆದರೆ ಒಂದು ಲಕ್ಷದಲ್ಲಿ ತೊಂಬತ್ತೊಂಬತ್ತು ಭಾಗ ಹೋದರೂ ಸಾವಿರ ಉಳಿಯುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಒಂದು ಇ. ಕೋಲಿ ಕೂಡ ಇರಕೂಡದು. ಹಾಗಾಗಿ ತಿಳಿ ಮಾಡಿದ ಮೇಲೆ ಕಾಯಿಸುವುದು ಅಥವಾ ಕ್ಲೋರಿನ್ ಹಾಕುವುದು ಕಡ್ಡಾಯ. ಇದನ್ನು ಬಿಟ್ಟು ಬರೀ ಬೀಜವನ್ನು ನಂಬುವವರು ಗಾಜಿನಂಥ ನೀರು ಕುಡಿದು ಭೇದಿ ಹತ್ತಿಸಿಕೊಳ್ಳುತ್ತಾರೆ.

ಯಾಕೆ ಕೆಲಸ ಮಾಡುತ್ತದೆ

ಜೇಡಿಯ ಕಣಗಳು ಎಷ್ಟು ಸಣ್ಣವೆಂದರೆ ಸ್ವಂತ ಭಾರಕ್ಕೆ ಬೇಗ ಇಳಿಯುವುದಿಲ್ಲ. ಮೇಲಾಗಿ ನೀರಿನಲ್ಲಿ ಅವುಗಳ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಒಂದನ್ನೊಂದು ದೂರ ತಳ್ಳುತ್ತವೆ, ಸೇರಿ ದಪ್ಪವಾಗುವುದಿಲ್ಲ. ನುಗ್ಗೆ ಬೀಜದ ಪ್ರೋಟೀನು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಗಾತ್ರದಲ್ಲಿ ಬಹಳ ಚಿಕ್ಕದು, ಮತ್ತು ಧನ ವಿದ್ಯುದಂಶ ಹೊತ್ತಿರುತ್ತದೆ. 1995ರಲ್ಲಿ ಪ್ರಕಟವಾದ ಅಧ್ಯಯನಗಳು ಇದರ ಅಣುತೂಕವನ್ನು ಸುಮಾರು 6.5ರಿಂದ 13 ಕಿಲೋಡಾಲ್ಟನ್ ಎಂದು ಗುರುತಿಸಿದವು. ಇದರ ಸಮವಿದ್ಯುತ್ ಬಿಂದು, ಅಂದರೆ ಪ್ರೋಟೀನಿನ ಧನ-ಋಣ ಸಮವಾಗುವ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), 10ಕ್ಕಿಂತ ಮೇಲಿದೆ; ಅದಕ್ಕಿಂತ ಕೆಳಗಿನ ಪಿಎಚ್‌ನಲ್ಲಿ ಪ್ರೋಟೀನು ಧನವಾಗಿರುತ್ತದೆ. ಅಂದರೆ ನಮ್ಮ ನದಿ, ನಾಲೆ, ಕೆರೆಯ ನೀರು ಯಾವ ಪಿಎಚ್‌ನಲ್ಲಿದ್ದರೂ ಈ ಪ್ರೋಟೀನು ಧನವಾಗಿಯೇ ಉಳಿಯುತ್ತದೆ. ಜೇಡಿ ಕಣಕ್ಕೆ ಹೋಗಿ ಅಂಟಿಕೊಂಡು ಅದರ ಋಣವನ್ನು ಅಳಿಸುತ್ತದೆ, ಕಣಗಳು ಗಂಟುಕಟ್ಟುತ್ತವೆ, ಗಂಟು ಭಾರವಾಗಿ ಇಳಿಯುತ್ತದೆ. ಆಲೆಮನೆಯಲ್ಲಿ ಬೆಂಡೆ ಗಿಡ ಜಜ್ಜಿದ ಲೋಳೆ ಬಿಟ್ಟು ಕಬ್ಬಿನ ಹಾಲಿನ ಮಡ್ಡಿ ಒಟ್ಟುಮಾಡುವುದನ್ನು ನೋಡಿದವರಿಗೆ ಗಿಡದ ಸಾರದಿಂದ ಕಶ್ಮಲ ಗಂಟುಕಟ್ಟುವುದು ಹೊಸದಲ್ಲ. ಅಲ್ಲಿ ಮಡ್ಡಿ ಮೇಲೆ ತೇಲುತ್ತದೆ, ಇಲ್ಲಿ ಮಣ್ಣು ಕೆಳಗೆ ಕೂರುತ್ತದೆ.

ಈ ವಿವರ ಓದಿ ಮರೆಯುವುದಕ್ಕಲ್ಲ. ಪ್ರೋಟೀನು ಕಡಿಮೆಯಾದರೆ ಋಣ ಅಳಿಯುವುದಿಲ್ಲ, ನೀರು ಬಗ್ಗಡವಾಗಿಯೇ ಇರುತ್ತದೆ. ಹೆಚ್ಚಾದರೆ ಕಣಗಳ ಮೇಲೆಲ್ಲ ಪ್ರೋಟೀನು ಮೆತ್ತಿಕೊಂಡು ಅವೆಲ್ಲ ಧನವಾಗಿಬಿಡುತ್ತವೆ, ಮತ್ತೆ ಒಂದನ್ನೊಂದು ತಳ್ಳುತ್ತವೆ, ನೀರು ಹಾಲುಹಾಲಾಗಿ ನಿಂತುಬಿಡುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ತಿಳಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾವ ನೀರಿಗೆ ಬೇಡ

ಬೀಜ ಹುಡುಕುವ ಮೊದಲು ನೀರನ್ನು ನೋಡಿ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ, ಅದರ ತೊಂದರೆ ಬೇರೆ: ಗಡಸುತನ, ನೈಟ್ರೇಟ್, ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಕೆಲವು ಕಡೆ ಫ್ಲೋರೈಡ್. ಕರಗಿರುವ ಲವಣಗಳನ್ನು ಇಳಿಸಲು ಮನೆಯ ಅಳತೆಯ ನುಗ್ಗೆ ಬೀಜವನ್ನು ನಂಬಬೇಡಿ. ಕೀಟನಾಶಕಕ್ಕೂ ಇದೇ ಮಾತು. ಈಗಷ್ಟೇ ಔಷಧಿ ಹೊಡೆದ ಗದ್ದೆಯಿಂದ ಬಸಿದು ಬರುವ ನೀರನ್ನು ಎಷ್ಟು ತಿಳಿ ಮಾಡಿದರೂ ಕುಡಿಯಬೇಡಿ. ಕಾರ್ಖಾನೆ, ಚರಂಡಿ ನೀರು ಸೇರುವ ಹಳ್ಳದ್ದೂ ಬೇಡ. ಹಸಿರು ಪಾಚಿ ಬಣ್ಣದಂತೆ ಕದಡಿರುವ ಕೆರೆ ನೀರು ಇನ್ನೂ ಅಪಾಯಕಾರಿ. ನೀಲಿಹಸಿರು ಪಾಚಿ ಬಿಡುವ ವಿಷ ಬೀಜಕ್ಕೂ ಹೋಗುವುದಿಲ್ಲ, ಕಾಯಿಸಿದರೂ ಹೋಗುವುದಿಲ್ಲ.

ತೀರ ಸ್ವಲ್ಪ ಮಬ್ಬಿರುವ ನೀರಿಗೂ ಇದು ಅಷ್ಟಾಗಿ ಒಗ್ಗುವುದಿಲ್ಲ. ಗಂಟುಕಟ್ಟಲು ಕಣಗಳು ಒಂದಕ್ಕೊಂದು ತಾಗಬೇಕು, ಕಣಗಳೇ ಕಡಿಮೆಯಿದ್ದರೆ ತಾಗುವುದು ಅಪರೂಪ. ಅಂಥ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲೋ ಮರಳಿನಲ್ಲೋ ಸೋಸಿ ಕಾಯಿಸುವುದೇ ವಾಸಿ.

ಬೀಜ ಆರಿಸುವುದು

ನುಗ್ಗೆಕಾಯಿ ಮರದಲ್ಲೇ ಬಲಿತು, ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಎನ್ನುವಂತೆ ಒಣಗಿರಬೇಕು. ಸಾರಿಗೆ ಹಾಕುವ ಹಸಿ ಕಾಯಿಯ ಬೀಜ ಪ್ರಯೋಜನಕ್ಕಿಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಕಾಯಿ ಹೇರಳ, ಕೊಯ್ಯದೆ ಬಿಟ್ಟ ಕಾಯಿ ಮೇ ತಿಂಗಳ ಬಿಸಿಲಿಗೆ ಚೆನ್ನಾಗಿ ಒಣಗುತ್ತದೆ. ಮಳೆ ಬೀಳುವ ಮುಂಚೆ ಇಳಿಸಿಕೊಂಡರೆ ಹೊಸ ನೀರಿನ ಕಾಲಕ್ಕೆ ಕೈಯಲ್ಲಿರುತ್ತದೆ. ನಾಟಿ ಮರ, ಪಿಕೆಎಂ-1, ಭಾಗ್ಯ ಯಾವ ತಳಿಯಾದರೂ ಆದೀತು.

ಕಾಯಿ ಬಿಡಿಸಿದರೆ ಮೂರು ರೆಕ್ಕೆಯ ಕಂದು ಬೀಜ ಸಿಗುತ್ತದೆ. ರೆಕ್ಕೆ ಮತ್ತು ತೊಗಲಿನಂಥ ಸಿಪ್ಪೆ ತೆಗೆದರೆ ಒಳಗೆ ಬಟಾಣಿಗಿಂತ ಚಿಕ್ಕದಾದ ಕೆನೆಬಣ್ಣದ ಪಪ್ಪು. ಉಗುರಿನಿಂದ ಒತ್ತಿದರೆ ಸ್ವಲ್ಪ ಎಣ್ಣೆ ಜಿನುಗಬೇಕು, ಮುರಿದರೆ ಒಳಗೂ ಬಿಳಿಯಾಗಿರಬೇಕು. ಹಳದಿಯೋ ಕಪ್ಪೋ ಆಗಿದ್ದರೆ, ಬೂಷ್ಟು ವಾಸನೆ ಇದ್ದರೆ, ಹುಳದ ತೂತು ಇದ್ದರೆ ಎಸೆಯಿರಿ. ಒಂದು ಪಪ್ಪು ಸುಮಾರು 200 ಮಿಲಿಗ್ರಾಂ, ಅಂದರೆ 5 ಪಪ್ಪಿಗೆ 1 ಗ್ರಾಂ. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ 20 ಪಪ್ಪು ತೂಗಿ ನೋಡಿ, 4 ಗ್ರಾಂ ಬರದಿದ್ದರೆ ಮುಂದೆ ಹೇಳುವ ಎಣಿಕೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ.

ಬಿತ್ತನೆಗೆಂದು ಪೊಟ್ಟಣದಲ್ಲಿ ಮಾರುವ ಬೀಜವನ್ನು ಯಾವ ಕಾರಣಕ್ಕೂ ಬಳಸಬೇಡಿ. ಅವಕ್ಕೆ ಶಿಲೀಂಧ್ರನಾಶಕ ಲೇಪಿಸಿರುವುದು ಸಾಮಾನ್ಯ. ಗುಲಾಬಿ, ಕೆಂಪು, ನೀಲಿ ಬಣ್ಣ ಕಂಡರಂತೂ ಅದು ವಿಷ ಎಂದೇ ತಿಳಿಯಿರಿ. ನುಗ್ಗೆಯ ಬೇರು, ತೊಗಟೆಯೂ ಈ ಕೆಲಸಕ್ಕೆ ಬೇಡ, ಅವು ದೇಹಕ್ಕೆ ಒಳ್ಳೆಯವಲ್ಲ.

ಒಣಗಿದ ಬೀಜವನ್ನು ಸಿಪ್ಪೆ ಸಮೇತ, ಸಾಧ್ಯವಾದರೆ ಕಾಯಿಯೊಳಗೇ, ಗಾಳಿಯಾಡುವ ಒಣ ಜಾಗದಲ್ಲಿಡಿ. ಪುಡಿ ಮಾಡಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ, ಶಕ್ತಿ ಕುಂದುತ್ತದೆ. ಅಂದಂದಿನದು ಅಂದಂದಿಗೆ ಕುಟ್ಟಿಕೊಳ್ಳಿ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು. ಈ ಪ್ರೋಟೀನು ಸಾಸಿವೆ, ಎಳ್ಳು, ಕಡಲೆಕಾಯಿಗಳಲ್ಲಿ ಅಲರ್ಜಿ ತರುವ ಪ್ರೋಟೀನುಗಳ ಕುಟುಂಬಕ್ಕೇ ಸೇರಿದ್ದು. ಅವುಗಳ ಅಲರ್ಜಿ ಇರುವವರು ಇದರಿಂದ ದೂರ ಇರಲಿ.

ಬಗ್ಗಡ ಎಷ್ಟಿದೆ ಎಂದು ನೋಡುವುದು

ಬಗ್ಗಡವನ್ನು ಅಳೆಯುವ ಮಾನ ಎನ್‌ಟಿಯು. ಕುಡಿಯುವ ನೀರಿಗೆ ಐಎಸ್ 10500 ಹೇಳುವುದು 1 ಎನ್‌ಟಿಯು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 5. ಮನೆಯಲ್ಲಿ ಮೀಟರ್ ಇರುವುದಿಲ್ಲ, ಆದರೆ ಅಂದಾಜಿಗೆ ಒಂದು ಒಳ್ಳೆಯ ಉಪಾಯವಿದೆ. 2 ಲೀಟರಿನ ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ನೀರು ತುಂಬಿ, ಲೇಬಲ್ ಕಿತ್ತು, ದಿನಪತ್ರಿಕೆಯ ಮುಖಪುಟದ ದಪ್ಪ ತಲೆಬರಹದ ಮೇಲೆ ನಿಲ್ಲಿಸಿ. ಬಾಯಿಯಿಂದ ಕೆಳಗೆ ನೋಡಿದಾಗ ಅಕ್ಷರ ಓದಲು ಬಂದರೆ ಬಗ್ಗಡ ಸುಮಾರು 30 ಎನ್‌ಟಿಯುಗಿಂತ ಕಡಿಮೆ. ಬರದಿದ್ದರೆ ಬೀಜಕ್ಕೆ ಕೆಲಸವಿದೆ.

ಪ್ರಾರಂಭಕ್ಕೆ ಈ ಅಂದಾಜು ಸಾಕು:

- 50 ಎನ್‌ಟಿಯು ಒಳಗೆ, ಅಂದರೆ ತೆಳು ಮಬ್ಬು: 4 ಲೀಟರಿಗೆ 1 ಪಪ್ಪು
- 50ರಿಂದ 150: 2 ಲೀಟರಿಗೆ 1 ಪಪ್ಪು
- 150ರಿಂದ 250: ಲೀಟರಿಗೆ 1 ಪಪ್ಪು
- 250ಕ್ಕಿಂತ ಮೇಲೆ, ಕೈ ಅದ್ದಿದರೆ ಬೆರಳು ಕಾಣದ ಕೆನ್ನೀರು: ಲೀಟರಿಗೆ 2 ಪಪ್ಪು

ಇದು ಬರೀ ಅಂದಾಜು. ಒಂದೇ ನಾಲೆಯ ನೀರು ಬೆಳಿಗ್ಗೆ ಒಂದು ಥರ, ಮಳೆ ಬಿದ್ದ ಸಂಜೆ ಇನ್ನೊಂದು ಥರ ಇರುತ್ತದೆ. ಬೀಜವೂ ಮರದಿಂದ ಮರಕ್ಕೆ ಬೇರೆ. ನಿಜವಾದ ಅಳತೆ ಸಿಗುವುದು ಮುಂದಿನ ಪರೀಕ್ಷೆಯಿಂದ ಮಾತ್ರ. ಈ ಕೆಲಸದಲ್ಲಿ ಅತಿ ಮುಖ್ಯವಾದದ್ದೂ, ಜನ ಬೇಸರಪಟ್ಟು ಬಿಟ್ಟುಬಿಡುವುದೂ ಇದನ್ನೇ.

ಐದು ಜಾಡಿಯ ಪರೀಕ್ಷೆ

ಬೇಕಾದದ್ದು ಒಂದೇ ಅಳತೆಯ 5 ಪಾರದರ್ಶಕ ಜಾಡಿ (ಒಂದೂವರೆ ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿದರೂ ಆಗುತ್ತದೆ), ಸೂಜಿ ತೆಗೆದ 10 ಮಿ.ಲೀ. ಹೊಸ ಸಿರಿಂಜು, 5 ಪಪ್ಪು, ಕುಟ್ಟಾಣಿ, ಒಗೆದ ಬಿಳಿ ಪಂಚೆ ಬಟ್ಟೆಯ ತುಂಡು.

ಪಪ್ಪನ್ನು ನುಣ್ಣಗೆ ಕುಟ್ಟಿ. ಮೊದಲು ಒಂದೆರಡು ಚಮಚ ಶುದ್ಧ ನೀರು ಹಾಕಿ ಅರೆದು ಗಂಜಿಯಂತೆ ಮಾಡಿಕೊಳ್ಳಿ, ಆಮೇಲೆ ಒಟ್ಟು 100 ಮಿ.ಲೀ. ಆಗುವಷ್ಟು ನೀರು ಸೇರಿಸಿ. ಒಣ ಪುಡಿಯನ್ನು ಒಮ್ಮೆಗೇ ನೀರಿಗೆ ಸುರಿದರೆ ಎಣ್ಣೆಯ ದೆಸೆಯಿಂದ ಉಂಡೆಯಾಗಿ ತೇಲುತ್ತದೆ, ಒಳಗಿನ ಪ್ರೋಟೀನು ಹೊರಗೆ ಬರುವುದಿಲ್ಲ. ಮುಚ್ಚಳವಿರುವ ಬಾಟಲಿಯಲ್ಲಿ 5 ನಿಮಿಷ ಕುಲುಕಿ, ಬಟ್ಟೆಯಲ್ಲಿ ಸೋಸಿ. ಸಿಗುವ ಹಾಲಿನಂಥ ದ್ರಾವಣದ 1 ಮಿ.ಲೀ.ನಲ್ಲಿ 10 ಮಿಲಿಗ್ರಾಂ ಬೀಜದ ಸಾರವಿದೆ ಎಂದು ಲೆಕ್ಕ.

ಪ್ರತಿ ಜಾಡಿಗೂ ಸರಿಯಾಗಿ 1 ಲೀಟರ್ ಬಗ್ಗಡ ನೀರು ಹಾಕಿ. ಮೊದಲನೆಯದಕ್ಕೆ ಏನೂ ಬೇಡ. ಉಳಿದವಕ್ಕೆ ಕ್ರಮವಾಗಿ 5, 10, 20, 40 ಮಿ.ಲೀ. ದ್ರಾವಣ. ಅಂದರೆ ಲೀಟರಿಗೆ 50, 100, 200, 400 ಮಿಲಿಗ್ರಾಂ. ಹಾಕಿದ ಕೂಡಲೇ ಒಂದು ನಿಮಿಷ ಜೋರಾಗಿ ಕಲಕಿ, ಪ್ರೋಟೀನು ಎಲ್ಲ ಕಣಗಳಿಗೂ ತಲುಪಬೇಕಾದದ್ದು ಈ ಒಂದು ನಿಮಿಷದಲ್ಲೇ. ಆಮೇಲೆ 5ರಿಂದ 10 ನಿಮಿಷ ನಿಧಾನಕ್ಕೆ, ನಿಮಿಷಕ್ಕೆ 15-20 ಸುತ್ತಿನಂತೆ ತಿರುಗಿಸಿ. ಏನೂ ಹಾಕದ ಜಾಡಿಯನ್ನೂ ಅಷ್ಟೇ ಕಲಕಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ನಿಧಾನಕ್ಕೆ ತಿರುಗಿಸುವಾಗ ಜಾಡಿಯ ಹಿಂದೆ ಟಾರ್ಚ್ ಹಿಡಿದು ನೋಡಿ. ಮೊದಲ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಒಂದೇ ಸಮನಾಗಿದ್ದ ಕೆಂಪು ಒಡೆದು ಚುಕ್ಕಿಚುಕ್ಕಿಯಾಗುತ್ತದೆ, ಚುಕ್ಕಿಗಳ ನಡುವೆ ತಿಳಿ ನೀರಿನ ಸಂದುಗಳು ಕಾಣುತ್ತವೆ. ಚುಕ್ಕಿಗಳು ಸೇರಿ ಸಾಸಿವೆ ಗಾತ್ರಕ್ಕೆ ಬಂದವೆಂದರೆ ಅಳತೆ ಸರಿಯಾಗಿದೆ. ಈ ಹಂತದಲ್ಲಿ ಮತ್ತೆ ಜೋರಾಗಿ ಕಲಕಿದರೆ ಕಟ್ಟಿದ ಗಂಟು ಒಡೆಯುತ್ತದೆ, ಮತ್ತೆ ಸರಿಯಾಗಿ ಕಟ್ಟುವುದು ಕಷ್ಟ.

ಜಾಡಿಗಳನ್ನು ಅಲುಗಾಡದ ಕಡೆ ಇಟ್ಟು ಅರ್ಧ ಗಂಟೆಗೊಮ್ಮೆ, ಒಂದು ಗಂಟೆಗೊಮ್ಮೆ ನೋಡಿ. ಎಲ್ಲಕ್ಕಿಂತ ಕಡಿಮೆ ದ್ರಾವಣದಲ್ಲಿ ಚೆನ್ನಾಗಿ ತಿಳಿಯಾದ ಜಾಡಿಯೇ ಇವತ್ತಿನ ಅಳತೆ. ಎರಡು ಜಾಡಿ ಸಮ ಎನಿಸಿದರೆ ಕಡಿಮೆಯದನ್ನೇ ಹಿಡಿಯಿರಿ, ಉಳಿದ ಬೀಜದ ಸಾರ ನೀರಿನಲ್ಲಿ ಉಳಿದರೆ ಆಮೇಲೆ ಅದೇ ಕೊಳೆಯುತ್ತದೆ. 40 ಮಿ.ಲೀ. ಜಾಡಿ 20ರದ್ದಕ್ಕಿಂತ ಮಬ್ಬಾಗಿದ್ದರೆ ಅಲ್ಲಿ ಅಳತೆ ಮೀರಿದೆ ಎಂದರ್ಥ.

ಮನೆ ಬಳಕೆಗೆ 20 ಲೀಟರ್

ಪರೀಕ್ಷೆಯಲ್ಲಿ 10 ಮಿ.ಲೀ. ಜಾಡಿ ಗೆದ್ದಿತು ಎಂದುಕೊಳ್ಳಿ. ಆಗ ಲೀಟರಿಗೆ 100 ಮಿಲಿಗ್ರಾಂ, 20 ಲೀಟರಿಗೆ 2 ಗ್ರಾಂ, ಅಂದರೆ 10 ಪಪ್ಪು.

1. ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ ಕಸಕಡ್ಡಿ ತೆಗೆಯಿರಿ. ಮರಳು ಹೆಚ್ಚಿದ್ದರೆ ಕಾಲು ಗಂಟೆ ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ತಾನಾಗಿ ಇಳಿಯುವ ಮಣ್ಣಿಗೆ ಬೀಜ ಖರ್ಚು ಮಾಡುವುದು ದಂಡ.
2. 10 ಪಪ್ಪು ಕುಟ್ಟಿ, ಅರೆದು, 200 ಮಿ.ಲೀ. ಶುದ್ಧ ನೀರಿನಲ್ಲಿ 5 ನಿಮಿಷ ಕುಲುಕಿ ಸೋಸಿ. ಬಟ್ಟೆಯನ್ನು ಬಿಗಿಯಾಗಿ ಹಿಂಡಬೇಡಿ, ಹಿಂಡಿದರೆ ಎಣ್ಣೆ ಮತ್ತು ನುಣ್ಣನೆಯ ಹಿಟ್ಟು ಇಳಿದುಬಿಡುತ್ತದೆ.
3. ನೀರನ್ನು ಜೋರಾಗಿ ತಿರುಗಿಸುತ್ತ ದ್ರಾವಣ ಸುರಿಯಿರಿ. ಒಂದು ನಿಮಿಷ ವೇಗ, ಆಮೇಲೆ 10 ನಿಮಿಷ ನಿಧಾನ.
4. ಮುಚ್ಚಿ, ಒಂದರಿಂದ ಎರಡು ಗಂಟೆ ಮುಟ್ಟದೆ ಬಿಡಿ. ಬಿಸಿಲು ಬೀಳುವ ಕಡೆ ಇಡಬೇಡಿ, ಒಂದು ಬದಿ ಕಾದರೆ ನೀರು ಒಳಗೇ ತಿರುಗಿ ಗಸಿ ಮೇಲೇಳುತ್ತದೆ.
5. ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಇರುವ ಡ್ರಮ್ಮು ಇದ್ದರೆ ಉತ್ತಮ. ಇಲ್ಲದಿದ್ದರೆ ಶುಭ್ರವಾದ ರಬ್ಬರ್ ಪೈಪಿನಿಂದ ಮೇಲಿನ ನೀರನ್ನು ಇಳಿಸಿಕೊಳ್ಳಿ. ಬಿಂದಿಗೆ ಬಗ್ಗಿಸಿದರೆ ಕೊನೆಯಲ್ಲಿ ಗಸಿ ಕದಡುವುದು ಖಂಡಿತ.
6. ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ. ತೇಲುತ್ತಿರುವ ಸಣ್ಣ ಗಂಟುಗಳು ಅಲ್ಲಿ ನಿಲ್ಲುತ್ತವೆ.
7. ಕೂಡಲೇ ಕಾಯಿಸಿ ಅಥವಾ ಕ್ಲೋರಿನ್ ಹಾಕಿ.

ಸೋಸಿದ ದ್ರಾವಣವನ್ನು ನಾಳೆಗೆ ಇಟ್ಟುಕೊಳ್ಳಬೇಡಿ. ನಮ್ಮ ಹವೆಯಲ್ಲಿ ಅದು ಬೇಗ ಹುಳಿಯುತ್ತದೆ, ಪ್ರೋಟೀನು ಒಡೆದು ಶಕ್ತಿ ಹೋಗುತ್ತದೆ. ತಳದಲ್ಲಿ ಕೂತ ಗಸಿಯನ್ನು ಗಿಡಗಳ ಬುಡಕ್ಕೆ ಸುರಿಯಬಹುದು, ಅದರಲ್ಲಿರುವುದು ಮಣ್ಣು ಮತ್ತು ಬೀಜದ ಸಾರ ಅಷ್ಟೇ. ಆದರೆ ನೀರಿನಲ್ಲಿದ್ದ ರೋಗಾಣುಗಳೂ ಅದರಲ್ಲೇ ಸೇರಿರುತ್ತವೆ, ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿ ಮಡಿಗೆ ಬೇಡ, ಕೈ ತೊಳೆದುಕೊಳ್ಳಿ.

ಕೊನೆಯ ಹೆಜ್ಜೆ: ಕಾಯಿಸುವುದೋ, ಕ್ಲೋರಿನ್ನೋ

ಕಾಯಿಸುವುದೇ ಎಲ್ಲಕ್ಕಿಂತ ಭದ್ರ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲಿ, ಮುಚ್ಚಿಟ್ಟು ಆರಿಸಿ.

ಕ್ಲೋರಿನ್ ಹಾಕುವವರು ಒಂದು ವಿಷಯ ಗಮನಿಸಬೇಕು. ನುಗ್ಗೆ ಬೀಜದ ಸಾರದಲ್ಲಿ ಪ್ರೋಟೀನಿನ ಜೊತೆ ಬೇರೆ ಸಾವಯವ ಅಂಶಗಳೂ ಇರುತ್ತವೆ, ಅವು ನೀರಿನಲ್ಲಿ ಉಳಿದು ಕ್ಲೋರಿನ್ನನ್ನು ನುಂಗುತ್ತವೆ. ಸಾಮಾನ್ಯ ತಿಳಿ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಸಾಕಾಗುವ ಕಡೆ ಇಲ್ಲಿ 4 ಮಿಲಿಗ್ರಾಂನಿಂದ ಶುರುಮಾಡಿ. ಸುವಾಸನೆ ಬೆರೆಸದ 4 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವಾದರೆ 20 ಲೀಟರಿಗೆ 2 ಮಿ.ಲೀ. ಅರ್ಧ ಗಂಟೆ ಬಿಟ್ಟು, ಪರೀಕ್ಷಾ ಪಟ್ಟಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಇದೆಯೇ ನೋಡಿ. ಏನೂ ತೋರಿಸದಿದ್ದರೆ ಇನ್ನೊಂದು ಮಿ.ಲೀ. ಹಾಕಿ ಮತ್ತೆ ಅರ್ಧ ಗಂಟೆ ಕಾಯಿರಿ. ಕ್ಲೋರಿನ್ ಬಾಟಲಿ ಹಳೆಯದಾದಷ್ಟೂ ಸಪ್ಪೆಯಾಗುತ್ತದೆ, ಹಾಗಾಗಿ ಪಟ್ಟಿ ನೋಡದೆ ಬರೀ ಅಳತೆಯನ್ನು ನಂಬುವಂತಿಲ್ಲ.

ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ ಬಿಸಿಲಿಗಿಡುವ ಪದ್ಧತಿಯೂ ಇದೆ, ನೀರು 30 ಎನ್‌ಟಿಯುಗಿಂತ ತಿಳಿಯಾಗಿದ್ದರೆ ನಡೆಯುತ್ತದೆ. ಆದರೆ ಮೋಡ ಕವಿದಿದ್ದರೆ ಎರಡು ದಿನ ಬೇಕು. ನಮ್ಮಲ್ಲಿ ನೀರು ಕೆಂಪಾಗುವುದೂ ಸೂರ್ಯ ಮರೆಯಾಗುವುದೂ ಒಂದೇ ತಿಂಗಳಲ್ಲಿ, ಹಾಗಾಗಿ ಜುಲೈ-ಆಗಸ್ಟಿನಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ಯಾವ ವಿಧಾನವಾದರೂ ನೀರನ್ನು 24 ಗಂಟೆಯೊಳಗೆ ಬಳಸಿ ಮುಗಿಸಿ. ಉಳಿದ ಸಾವಯವ ಅಂಶವೇ ಬ್ಯಾಕ್ಟೀರಿಯಾಕ್ಕೆ ಆಹಾರ. ಎರಡನೇ ದಿನ ವಾಸನೆ ಬಂದರೆ ಕಾರಣ ಅದೇ.

ಎಡವಟ್ಟಾದಾಗ

ಗಂಟೇ ಕಟ್ಟಲಿಲ್ಲ ಎನ್ನುವ ದೂರು ಸಾಮಾನ್ಯ. ಮೊದಲು ಬೀಜವನ್ನು ಅನುಮಾನಿಸಿ: ಎಳೆಯದು, ಹಳೆಯದು, ಮಳೆಯಲ್ಲಿ ನೆಂದು ಒಣಗಿದ್ದು. ಬೇರೆ ಮರದ ಬೀಜದಿಂದ ಒಂದೇ ಜಾಡಿ ಮಾಡಿ ನೋಡಿದರೆ ಗೊತ್ತಾಗುತ್ತದೆ. ಬೀಜ ಸರಿಯಿದ್ದರೆ ಅಳತೆ, ಅದೂ ಸರಿಯಿದ್ದರೆ ಮೊದಲ ನಿಮಿಷದ ಕಲಕುವಿಕೆ ಸಾಲದಾಗಿರುತ್ತದೆ. ಗಂಟು ಕಟ್ಟಿಯೂ ಇಳಿಯದೆ ತೇಲಿದರೆ ಪಪ್ಪಿನ ಎಣ್ಣೆ ಕಾರಣ. ಪಪ್ಪಿನಲ್ಲಿ ನೂರಕ್ಕೆ 30ರಿಂದ 40 ಭಾಗ ಎಣ್ಣೆಯಿದೆ, ಸೋಸುವುದರಲ್ಲಿ ಅವಸರ ಮಾಡಿದರೆ ಅದು ನೀರಿನ ಮೇಲೆ ತೆಳು ಪೊರೆಯಾಗಿ ನಿಲ್ಲುತ್ತದೆ. ಎಣ್ಣೆ ತೆಗೆದ ಹಿಂಡಿಯಲ್ಲೂ ಪ್ರೋಟೀನು ಹಾಗೇ ಉಳಿದಿರುತ್ತದೆ. ಮರದ ಗಾಣದಲ್ಲಿ ನುಗ್ಗೆ ಬೀಜ ಆಡಿಸಿದ ಹಿಂಡಿ ಸಿಕ್ಕರೆ ಪಪ್ಪಿಗಿಂತ ಅದೇ ಮೇಲು, ಸಿಪ್ಪೆ ಸೇರಿರದಿದ್ದರೆ ತೂಕದಲ್ಲಿ ಇನ್ನೂ ಕಡಿಮೆ ಸಾಕು. ಆದರೆ ಅದೇ ಗಾಣದಲ್ಲಿ ಹಿಂದೆ ಹರಳು, ಬೇವು ಆಡಿಸಿದ್ದರೆ ಬೇಡವೇ ಬೇಡ.

ಉಪ್ಪುನೀರಿನಲ್ಲಿ ಸಾರ ತೆಗೆಯುವುದು

ಬೀಜ ಕಡಿಮೆಯಿದ್ದಾಗ ಇದು ಉಪಯೋಗಕ್ಕೆ ಬರುತ್ತದೆ. ಪ್ರೋಟೀನು ಬರೀ ನೀರಿಗಿಂತ ಉಪ್ಪುನೀರಿನಲ್ಲಿ ಹೆಚ್ಚು ಹೊರಬರುತ್ತದೆ. ಲೀಟರಿಗೆ 58 ಗ್ರಾಂ ಉಪ್ಪು ಬೆರೆಸಿದ ನೀರಿನಲ್ಲಿ ತೆಗೆದ ಸಾರ ಬರೀ ನೀರಿನ ಸಾರಕ್ಕಿಂತ ಏಳು ಪಟ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿದ್ದು ಪ್ರಯೋಗಾಲಯದಲ್ಲಿ ಕಂಡಿದೆ, ಅದೂ ಕೃತಕವಾಗಿ ಜೇಡಿ ಕದಡಿದ ನೀರಿನಲ್ಲಿ. ನಾಲೆ ನೀರಿನಲ್ಲಿ ಅಷ್ಟೇ ಲಾಭ ಸಿಗಲೇಬೇಕೆಂದಿಲ್ಲ. 5 ಪಪ್ಪಿಗೆ 100 ಮಿ.ಲೀ. ನೀರು, ಅದರಲ್ಲಿ 6 ಗ್ರಾಂ ಪುಡಿ ಉಪ್ಪು, ಅಂದರೆ ಸುಮಾರು ಒಂದು ಮಟ್ಟ ಚಮಚ. ಜಾಡಿ ಪರೀಕ್ಷೆಗೆ 1, 2, 4, 8 ಮಿ.ಲೀ. ಹಾಕಿ. ಲೀಟರಿಗೆ 2 ಮಿ.ಲೀ. ಬಿದ್ದರೆ ಉಪ್ಪು ಹೆಚ್ಚುವುದು 120 ಮಿಲಿಗ್ರಾಂ, ನಾಲಿಗೆಗೆ ಗೊತ್ತಾಗುವುದಿಲ್ಲ. ಹೆಚ್ಚು ರಕ್ತದೊತ್ತಡ ಇರುವವರ ಮನೆಯಲ್ಲಿ ಬರೀ ನೀರಿನ ಸಾರವೇ ಇರಲಿ.

ಪ್ರೋಟೀನು ಹಿಡಿಸಿದ ಮರಳು

ನೀರು ಬೇಗ ಕೆಡುವ ದೋಷಕ್ಕೆ ಒಂದು ಚಂದದ ಪರಿಹಾರವಿದೆ. 2012ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಅದನ್ನು ಪ್ರಕಟಿಸಿತು. ಮರಳಿನ ಮೈ ಕೂಡ ಜೇಡಿಯ ಹಾಗೆ ಋಣ. ಬೀಜದ ಸಾರದಲ್ಲಿ ಮರಳು ನೆನೆಸಿದರೆ ಧನ ಪ್ರೋಟೀನು ಮರಳಿಗೆ ಅಂಟುತ್ತದೆ, ಬೇಡದ ಸಾವಯವ ಅಂಶ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಚೆಲ್ಲಿ ಮರಳನ್ನು ತೊಳೆದರೆ ಕೈಯಲ್ಲುಳಿಯುವುದು ಪ್ರೋಟೀನು ಹೊದ್ದ ಮರಳು. ಬಗ್ಗಡ ಕಣವನ್ನೂ ಹಿಡಿಯುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ನುಗ್ಗೆ ಬೀಜದ ಬಳಕೆಗಳಲ್ಲೆಲ್ಲ ನಮಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ.

ಮಾಡಿ ನೋಡುವವರಿಗೆ: ಅರ್ಧ ಮಿಲಿಮೀಟರಿನ ಆಸುಪಾಸಿನ ಬೆಣಚುಕಲ್ಲಿನ ಫಿಲ್ಟರ್ ಮರಳು 1 ಕೆ.ಜಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಕಟ್ಟಡಕ್ಕೆ ತರುವ ಎಂ-ಸ್ಯಾಂಡ್‌ನಲ್ಲಿ ಧೂಳು ವಿಪರೀತ, ಅದು ಪ್ರೋಟೀನನ್ನೆಲ್ಲ ತಾನೇ ಹಿಡಿದುಕೊಳ್ಳುತ್ತದೆ. 50 ಪಪ್ಪು, ಅಂದರೆ 10 ಗ್ರಾಂ, 1 ಲೀಟರ್ ನೀರಿನಲ್ಲಿ ಸಾರ ತೆಗೆದು ಎರಡು ಸಲ ಸೋಸಿ ಮರಳಿಗೆ ಸುರಿಯಿರಿ, 10 ನಿಮಿಷ ಕೈಯಾಡಿಸುತ್ತಿರಿ. ನೀರು ಬಸಿದು, ಶುದ್ಧ ನೀರಿನಲ್ಲಿ ನಾಲ್ಕೈದು ಸಲ ತೊಳೆಯಿರಿ. ಈ ಮರಳನ್ನು ಕೊಳವೆಗೆ ತುಂಬಿ, ಮೊದಲೇ ಬಟ್ಟೆಯಲ್ಲಿ ಸೋಸಿ ಗಸಿ ಇಳಿಸಿದ ನೀರನ್ನು ನಿಧಾನಕ್ಕೆ ಹಾಯಿಸಿ. ನೇರವಾಗಿ ಕೆನ್ನೀರು ಹಾಯಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮೆತ್ತಿಕೊಂಡು ಕಟ್ಟಿಕೊಳ್ಳುತ್ತದೆ. ಬರುವ ನೀರು ಮಬ್ಬಾಗತೊಡಗಿದರೆ ಪ್ರೋಟೀನಿನ ಜಾಗವೆಲ್ಲ ತುಂಬಿದೆ ಎಂದು. ಮರಳನ್ನು ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಸಾರ ಹಿಡಿಸಿ. ಮರಳು ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಕಾಯಿಸುವುದನ್ನು ಬಿಡಬೇಡಿ, ಮನೆಯಲ್ಲಿ ಮಾಡಿದ ಮರಳು ಎಷ್ಟು ಕೊಂದಿತೆಂದು ಕಣ್ಣಿಗೆ ಕಾಣುವುದಿಲ್ಲ.

ಪಟಿಕಕ್ಕೂ ಇದಕ್ಕೂ

ನಗರದ ಜಲಶುದ್ಧೀಕರಣ ಘಟಕಗಳು ಆಲಂ, ಅಂದರೆ ಪಟಿಕದ ಜಾತಿಯ ರಾಸಾಯನಿಕಗಳನ್ನೇ ಬಳಸುತ್ತವೆ, ಅದಕ್ಕೆ ಕಾರಣವೂ ಇದೆ: ಅಗ್ಗ, ಪ್ರಮಾಣ ಖಚಿತ, ಸಾವಯವ ಉಳಿಕೆ ಇಲ್ಲ. ಆದರೆ ಆಲಂ ನೀರಿನ ಕ್ಷಾರತೆಯನ್ನು ತಿನ್ನುತ್ತದೆ, ಮಿಲಿಗ್ರಾಂ ಆಲಂಗೆ ಸುಮಾರು ಅರ್ಧ ಮಿಲಿಗ್ರಾಂ. ಮಳೆನೀರಿನಂಥ ಮೆದು ನೀರಿನಲ್ಲಿ ಪಿಎಚ್ ಬಿದ್ದು ಕೆಲಸವೇ ಕೆಡುತ್ತದೆ. ನುಗ್ಗೆ ಬೀಜ ಪಿಎಚ್ ಅನ್ನು ಅಷ್ಟಾಗಿ ಅಲುಗಿಸುವುದಿಲ್ಲ, ಗಸಿಯೂ ಆಲಂನದಕ್ಕಿಂತ ನಾಲ್ಕೈದು ಪಟ್ಟು ಕಡಿಮೆ ಎಂದು 1995ರ ಅಧ್ಯಯನವೊಂದು ಹೇಳುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕಿಗೆ ಲೀಟರಿಗೆ 100 ಮಿಲಿಗ್ರಾಂನಂತೆ 1 ಕೆ.ಜಿ. ಪಪ್ಪು ಬೇಕು, ಅದು 5,000 ಬೀಜ ಸುಲಿಯುವ ಕೆಲಸ. ಇದು ಮನೆಯ ಅಳತೆಯ ವಿದ್ಯೆ, ಊರಿನ ಅಳತೆಯದಲ್ಲ.

ಚಿಲ್ಲದ ಬೀಜ, ಮತ್ತು ಅದರ ವಿಷದ ನೆಂಟ

ನಮ್ಮ ದೇಶದ ಹಳೆಯ ಪದ್ಧತಿ ಚಿಲ್ಲದ ಬೀಜದ್ದು. ಸಂಸ್ಕೃತದಲ್ಲಿ ಕತಕ, ನೀರು ತಿಳಿ ಮಾಡುವ ವಸ್ತುಗಳ ಸಾಲಿನಲ್ಲಿ ಸುಶ್ರುತ ಸಂಹಿತೆಯಲ್ಲೇ ಇದರ ಹೆಸರಿದೆ. ಒಣ ಕಾಡಿನ ಮರ, ಬೀಜ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಸಾಣೆಕಲ್ಲಿನ ಮೇಲೆ ಸ್ವಲ್ಪ ನೀರು ಬಿಟ್ಟು ಗಂಧದಂತೆ ತೇಯ್ದು ಕೊಡಕ್ಕೆ ಹಾಕುವುದು ಅಥವಾ ಮಣ್ಣಿನ ಕೊಡದ ಒಳಮೈಗೇ ಬೀಜವನ್ನು ತಿಕ್ಕುವುದು ರೂಢಿ. ಇದರ ಕೆಲಸದಲ್ಲಿ ಪ್ರೋಟೀನಿನ ಜೊತೆ ಅಂಟಿನಂಥ ಪಾಲಿಸ್ಯಾಕರೈಡುಗಳ ಪಾಲು ದೊಡ್ಡದು, ಅವು ಕಣಗಳ ನಡುವೆ ಸೇತುವೆಯಂತೆ ನಿಂತು ಕಟ್ಟುತ್ತವೆ. ಇದಕ್ಕೂ ಜಾಡಿ ಪರೀಕ್ಷೆಯೇ ಅಳತೆ, ಇದಕ್ಕೂ ಕಾಯಿಸುವುದು ತಪ್ಪದು.

ಆದರೆ ಇದೇ ಕುಲದ ಇನ್ನೊಂದು ಮರ ಕಾಸರಕ, ಹೆಮ್ಮುಷ್ಟಿ ಎಂದೂ ಕರೆಯುತ್ತಾರೆ. ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಘೋರ ವಿಷವಿದೆ, ಅದೂ ಗ್ರಂಥಿಗೆ ಅಂಗಡಿಯಲ್ಲೇ ಇರುತ್ತದೆ. ಚಿಲ್ಲದ ಬೀಜ ಚಿಕ್ಕದು, ಸುಮಾರು ಒಂದು ಸೆಂಟಿಮೀಟರ್, ಎರಡೂ ಕಡೆ ಉಬ್ಬಿದ ಗುಂಡಗಿನ ಬಿಲ್ಲೆ. ಕಾಸರಕದ್ದು ಅದರ ಎರಡರಷ್ಟು ಅಗಲ, ಚಪ್ಪಟೆ, ಗುಂಡಿಯ ಆಕಾರ, ಮೇಲೆ ಬೂದುಬಣ್ಣದ ರೇಷ್ಮೆಯಂಥ ಹೊಳೆಯುವ ರೋಮ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಬಲ್ಲ ಅನುಭವಿಯಿಂದ ಗುರುತು ಹಿಡಿಸಿಕೊಳ್ಳದೆ, ಪುಡಿ ರೂಪದಲ್ಲಿ, ಅಥವಾ ಹೆಸರು ಮಾತ್ರ ಹೇಳಿ ಕೊಳ್ಳಬೇಡಿ. ಎಳ್ಳಷ್ಟು ಅನುಮಾನ ಬಂದರೂ ಅದನ್ನು ಬಿಟ್ಟು ನುಗ್ಗೆ ಮರದ ಕಡೆಗೇ ಹೋಗಿ.